ಮೂಳೆ ಕೂಡಿದರೆ ಸಾಲದು

(ಸಂಘದ ಬೆಳ್ಳಿಹಬ್ಬದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)

ಇಪ್ಪತ್ತೈದು ವರ್ಷ ದಿನಕ್ಕೆರಡು ಹೊತ್ತು ಹಾಲು ಅಳೆದ ಸಂಘ ನಿಮ್ಮದು. ಇಲ್ಲಿ ನಿಂತು ಮೂಳೆಯ ವಿಚಾರ ಮಾತಾಡಲು ನಮಗೆ ಸಂತೋಷ. ಜೊತೆಗೆ ಒಂದು ದೂರೂ ಇದೆ, ಅದನ್ನು ಕೊನೆಗೆ ಹೇಳುತ್ತೇವೆ.

ಮೊದಲು ನಮ್ಮ ಆಸ್ಪತ್ರೆಗೆ ಬಂದ ಒಬ್ಬ ತಾಯಿಯ ಕಥೆ ಕೇಳಿ. ಅರವತ್ತೆರಡು ವರ್ಷ. ಕೊಟ್ಟಿಗೆಯ ಗಂಜಲದಲ್ಲಿ ಜಾರಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿದೆವು, ಆರು ವಾರಕ್ಕೆ ಬಿಚ್ಚಿದೆವು, ಮೂಳೆ ಕೂಡಿತ್ತು, ಮನೆಗೆ ಕಳಿಸಿದೆವು. ಮೂರು ವರ್ಷದ ಮೇಲೆ ಅದೇ ತಾಯಿಯನ್ನು ಎತ್ತಿಕೊಂಡು ಬಂದರು. ರಾತ್ರಿ ಬಚ್ಚಲಿಗೆ ಹೋದಾಗ ಬಿದ್ದು, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆದರೆ ಅವರು ಮತ್ತೆ ಹಸು ಕರೆಯಲು ಕೂರಲಿಲ್ಲ. ಕೈ ಮುರಿದಾಗಲೇ ಮೂಳೆ ಟೊಳ್ಳಾಗಿದೆಯೇ ಎಂದು ನಾವು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಮ್ಮದೇ. ಅದಕ್ಕೇ ಈ ಮಾತು.

ಮೂಳೆ ಟೊಳ್ಳಾಗುವ ಈ ಕಾಯಿಲೆಗೆ ಆಸ್ಟಿಯೋಪೊರೋಸಿಸ್ ಅಂತಾರೆ. ಮಂಡಿ ಸವೆತ ಬೇರೆ, ಇದು ಬೇರೆ. ಮಂಡಿ ಸವೆದರೆ ನೋವು ಬರುತ್ತೆ. ಇದರಲ್ಲಿ ಮುರಿಯುವ ತನಕ ನೋವೇ ಇರೋದಿಲ್ಲ. ಸಂಘದ ಲೆಕ್ಕದಲ್ಲೇ ಹೇಳುವುದಾದರೆ, ಸುಮಾರು ಮೂವತ್ತು ವರ್ಷದವರೆಗೆ ಮೂಳೆಗೆ ಠೇವಣಿ ಸೇರುತ್ತದೆ. ಆಮೇಲೆ ನಿಧಾನವಾಗಿ ಕರಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಕರಗುವುದು ಜೋರಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ತಿಂದರೆ ಗಂಡಸರಿಗೂ ಹೀಗೇ. ನೋವಿಗೆಂದು ಕೊಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದು, ಜೋಪಾನ.

ಐವತ್ತು ದಾಟಿದವರು ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ, ಬೆನ್ನು ಬಾಗಿ ಎತ್ತರ ಕುಗ್ಗಿದರೆ, ಡೆಕ್ಸಾ ಎಂಬ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಯಿಲೆ ಇದೆ ಎಂದರ್ಥ.

ಇದಕ್ಕೆ ಔಷಧಿ ಇದೆ. ಅಲೆಂಡ್ರೊನೇಟ್ ಮಾತ್ರೆ 1995ರಿಂದ ಬಳಕೆಯಲ್ಲಿದೆ. ವಾರಕ್ಕೊಂದು, 70 ಮಿಲಿಗ್ರಾಂ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಕಾಫಿಯೂ ಬೇಡ. ಮಲಗಿದರೆ ಅನ್ನನಾಳ ಹುಣ್ಣಾದೀತು. ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತದು. ಮಾತ್ರೆ ಆಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲವಿದೆ. 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೂರು ವರ್ಷ ಇದನ್ನು ಪಡೆದ ಹೆಂಗಸರಲ್ಲಿ ಬೆನ್ನುಮೂಳೆ ಮುರಿತ ಶೇಕಡ 70, ಸೊಂಟದ ಕೀಲಿನ ಮುರಿತ ಶೇಕಡ 41 ಕಡಿಮೆಯಾದವು. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬೇಡಿ. ಆದರೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿಯೇ ತಗೋಬೇಕು.

ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಡೆನೊಸುಮಾಬ್ ಇನ್ನೊಂದು. ಇದನ್ನು ಮಾತ್ರ ನೀವಾಗಿಯೇ ನಿಲ್ಲಿಸಲೇಬೇಡಿ. ಬದಲಿ ಔಷಧಿಯಿಲ್ಲದೆ ಬಿಟ್ಟರೆ ಬೆನ್ನಿನ ಮೂಳೆಗಳು ಒಂದಾದ ಮೇಲೊಂದು ಕುಸಿಯುವ ಅಪಾಯವಿದೆ. ತೀರ ಟೊಳ್ಳಾದ ಮೂಳೆಗೆ ಹೊಸದಾಗಿ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಚುಚ್ಚುಮದ್ದೂ ಇದೆ. ದಿನಾ ಹಾಕಿಕೊಳ್ಳಬೇಕು, ಬೆಲೆ ಹೆಚ್ಚು.

ದವಡೆ ಮೂಳೆ ಕೊಳೆಯುತ್ತಂತೆ, ತೊಡೆಮೂಳೆ ಮುರಿಯುತ್ತಂತೆ ಎಂದು ಕೆಲವರು ಹೆದರಿ ಮಾತ್ರೆ ಬಿಡುತ್ತಾರೆ. ಅವು ಸುಳ್ಳಲ್ಲ, ಆದರೆ ಬಹಳ ಅಪರೂಪ. ಔಷಧಿಯಿಂದ ತಪ್ಪುವ ಮುರಿತಗಳೇ ಹೆಚ್ಚು. ಹಲ್ಲು ಕೀಳಿಸುವುದಿದ್ದರೆ ಮೊದಲೇ ತಿಳಿಸಿ. ಅಲೆಂಡ್ರೊನೇಟ್ ತಗೊಳ್ಳುವವರು ಐದು ವರ್ಷವಾದ ಮೇಲೆ ಮುಂದುವರಿಸಬೇಕೋ ಬೇಡವೋ ಎಂದು ವೈದ್ಯರನ್ನೇ ಕೇಳಿ.

ಔಷಧಿ ನುಂಗಿ ಬಿದ್ದರೆ ಪ್ರಯೋಜನವೇನು? ಬಚ್ಚಲ ಪಾಚಿ ಉಜ್ಜಿ, ಗೋಡೆಗೊಂದು ಹಿಡಿ ಹಾಕಿಸಿ, ರಾತ್ರಿ ದೀಪ ಉರಿಯಲಿ. ಕಣ್ಣಿನ ಪೊರೆ ತೆಗೆಸಿ. ದಿನಾ ನಡೆಯಿರಿ, ಬಿಸಿಲಿಗೆ ಮೈಯೊಡ್ಡಿ. ಬೀಡಿ, ಹೆಂಡ ಬಿಡಿ. ಸೊಂಟದ ಕೀಲು ಮುರಿದರೆ ಉಜ್ಜಿ ಕಟ್ಟಿಸುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ತನ್ನಿ.

ಈಗ ನಮ್ಮ ದೂರು. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ 240ರಷ್ಟು ಸಿಗುತ್ತದೆ. ಮುದ್ದೆ ನಿಮ್ಮಲ್ಲಿದೆ, ಸೊಪ್ಪಿದೆ. ಹಾಲು? ಅದೆಲ್ಲ ಡೈರಿಗೆ! ಹಸು ಮೇಯಿಸಿ, ಹಾಲು ಕರೆದ ತಾಯಿಗೆ ಕರೀ ಕಾಫಿ. ಕ್ಯಾನು ಡೈರಿಗೆ ಹೊರಡುವ ಮುಂಚೆ ಎರಡು ಲೋಟ ಅವರಿಗೆಂದು ತೆಗೆದಿಡಿ. ಸಂಘಕ್ಕೇನೂ ನಷ್ಟವಾಗದು.

ಐವತ್ತು ದಾಟಿದ ಮೇಲೆ ಬಿದ್ದು ಮೂಳೆ ಮುರಿದುಕೊಂಡವರು ನಿಮ್ಮ ಮನೆಯಲ್ಲಿದ್ದರೆ, ಈ ವಾರವೇ ಕರೆತನ್ನಿ. ಈ ಸಲ ನಾವು ನೋಡದೆ ಕಳಿಸುವುದಿಲ್ಲ.