ಆಲಿಕಲ್ಲು ಮಳೆ: ಮೂರು ತಾಸು ಮೊದಲು, 72 ತಾಸು ಆಮೇಲೆ

ಅಂಗಳದ ತುಂಬ ಬಿಳಿ ಕಲ್ಲು, ಕೆಳಗ ‘ನಮ್ಮೂರು ಕಾಶ್ಮೀರ ಆಗೈತಿ’ ಅಂತ ಒಂದು ಸಾಲು. ಬ್ಯಾಸಗಿ ಬಂತಂದ್ರ ಇಂಥ ರೀಲ್ಸ್ ನಿಮ್ಮ ಫೋನಿಗೂ ಬಂದಿರ್ತಾವು. ನೋಡಾಕ ಚಂದ. ಆದ್ರ ಅದೇ ಆಣಿಕಲ್ಲು ಗಂಗಾವತಿಯ ಕೊಯ್ಲಿಗೆ ಬಂದ ಭತ್ತದ ಮೇಲೆ ಬಿದ್ದರೆ ತೆನೆ ಖಾಲಿ, ಕಾಳೆಲ್ಲ ಕೆಸರಿನಾಗ. ಕುಷ್ಟಗಿಯ ದಾಳಿಂಬೆಗೆ ಒಂದೇ ಏಟು ಸಾಕು, ಕಲೆ ಬಿದ್ದ ಹಣ್ಣಿಗೆ ರೇಟು ಸಿಗೂದಿಲ್ಲ. ಕೊಪ್ಪಳದ ಮಾವಿಗೂ ಅದೇ ಗತಿ. ಯಲಬುರ್ಗಾದ ಎರೆಹೊಲದಾಗ ಅಷ್ಟೊತ್ತಿಗೆ ಕಡಲೆ, ಜೋಳ ಮನೆ ಸೇರಿರ್ತಾವು. ಅಲ್ಲಿ ಭಯ ಸಿಡಿಲಿಂದು, ಬಯಲಾಗ ನಿಂತ ಕುರಿಗಾಹಿಗೆ.

‘ಹವಾಮಾನ ಇಲಾಖೆ ಮೊದಲೇ ಯಾಕ ಹೇಳಲಿಲ್ಲ?’ ಅಂತ ಎಲ್ಲರೂ ಕೇಳ್ತಾರ. ಕಾಶ್ಮೀರದ ಹಿಮಪಾತ ತರೋ ವ್ಯವಸ್ಥೆ ನೂರಾರು ಕಿಲೋಮೀಟರ್ ಅಗಲ ಇರ್ತದ, ದಿನಗಟ್ಟಲೆ ಚಲಿಸ್ತದ. ಹಂಗಾಗಿ ಕಂಪ್ಯೂಟರ್ ಲೆಕ್ಕಕ್ಕೆ ಮೊದಲೇ ಸಿಗ್ತದ. ನಮ್ಮ ಆಲಿಕಲ್ಲಿನ ಮೋಡ ಹಂಗಲ್ಲ. ಮಧ್ಯಾಹ್ನ ನೆಲ ಕಾದು, ಬಿಸಿಗಾಳಿ ತೇವಾಂಶ ಎತ್ತಿಕೊಂಡು ಜೋರಾಗಿ ಮೇಲಕ್ಕೇರ್ತದ. ಸುಮಾರು ಐದು ಕಿಲೋಮೀಟರ್ ದಾಟಿದ ಮೇಲೆ ಹನಿ ಹೆಪ್ಪುಗಟ್ಟಿ, ಗಾಳಿ ತಡೆದಷ್ಟು ಹೊತ್ತು ದಪ್ಪ ಆಗಿ, ಭಾರ ತಾಳದಾಗ ಬೀಳ್ತದ. ಹುಟ್ಟಿ ಸಾಯೋದ್ರಾಗ ಒಂದು ತಾಸು ಆಗಿರ್ತದ. ಒಂದೂರಿಗೆ ಹೊಡೆತ, ಪಕ್ಕದೂರಿಗೆ ಹನಿ ಸಹ ಇಲ್ಲ. ಇನ್ನು ಗೋವಾದ ರಾಡಾರ್ ಕೊಪ್ಪಳಕ್ಕೆ ಸುಮಾರು 250 ಕಿಲೋಮೀಟರ್ ದೂರ. ಭೂಮಿ ಗುಂಡಗಿರೋದ್ರಿಂದ ಅಷ್ಟು ದೂರಕ್ಕೆ ಅದರ ಕಿರಣ ಮೋಡದ ಕೆಳಭಾಗ ಬಿಟ್ಟು ಮೇಲೇ ಹೋಗ್ತದ.

ಅದಕ್ಕೆ ಹಿಂದಿನ ದಿನ ಸಿಗೋದು ಜಿಲ್ಲೆಗೊಂದು ಬಣ್ಣ, ಹಳದಿ ಇಲ್ಲಾ ಕಿತ್ತಳೆ. ನಿಜವಾಗಿ ಉಪಯೋಗಕ್ಕೆ ಬರೋದು ಇಲಾಖೆ ಕೊಡೋ ಮುಂದಿನ ಮೂರು ತಾಸಿನ ಎಚ್ಚರಿಕೆ. ಸಿಡಿಲಿಗೆ ‘ದಾಮಿನಿ’ ಆ್ಯಪ್ ಐತಿ, ನೀವಿರೋ ಜಾಗದಿಂದ 20 ಮತ್ತು 40 ಕಿಲೋಮೀಟರ್ ಸುತ್ತಳತೆ ತೋರಿಸ್ತದ. ಮೂರು ತಾಸಿನಾಗ ನಿಂತ ಪೈರು ಉಳಿಸಾಕ ಆಗೂದಿಲ್ಲ, ನಿಜ. ರಾಶಿಗೆ ತಾಡಪತ್ರಿ ಹೊದಿಸಬಹುದು, ದನ ಒಳಗ ಕಟ್ಟಬಹುದು, ಗಿಡದ ಕೆಳಗ ನಿಂತವರನ್ನ ಮನೆಗೆ ಕರೀಬಹುದು. ಆದ್ರ ಆ ಎಚ್ಚರಿಕೆ ಬರೋದು ನಿಮ್ಮ ಫೋನಿಗೆ. ಅಪ್ಪ ಹೊಲದಾಗ ಇರ್ತಾನ, ಕೈಯಾಗ ಕೀಪ್ಯಾಡ್ ಸೆಟ್ಟು. ಒಂದು ಕಾಲ್ ಮಾಡ್ರಿ.

ಬಿದ್ದ ಮೇಲೆ ಇನ್ನೊಂದು ಗಡುವು. ಫಸಲ್ ಬಿಮಾ ಕಟ್ಟಿದ್ರ, ಆಲಿಕಲ್ಲಿನ ಹಾನಿಯನ್ನ 72 ತಾಸಿನೊಳಗ ತಿಳಿಸಬೇಕು. 14447ಕ್ಕೆ ಫೋನ್ ಮಾಡಬಹುದು, ಬೆಳೆ ವಿಮೆ ಆ್ಯಪ್‌ನಾಗೂ ಹಾಕಬಹುದು. ಭಾಳ ಮಂದಿ ತಲಾಠಿ ಬರ್ಲಿ ಅಂತ ಕಾಯ್ತಾ ಕುಂತು ಈ ಗಡುವು ಕಳಕೋತಾರ. ತಲಾಠಿ ಬರೋದು ಸರ್ಕಾರಿ ಪರಿಹಾರಕ್ಕೆ, ಅದು ಬೇರೆ ದಾರಿ. ಅದಕ್ಕೆ ಶೇ 33ಕ್ಕಿಂತ ಕಡಿಮೆ ಹಾನಿ ಆಗಿದ್ರ ಲೆಕ್ಕಕ್ಕಿಲ್ಲ. 2022ರಿಂದ 2026ರ ಕೇಂದ್ರದ ನಿಯಮದ ಪ್ರಕಾರ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ತೋಟಕ್ಕೆ 22,500, ಅದೂ ಎರಡು ಹೆಕ್ಟೇರ್‌ವರೆಗೆ. ಖರ್ಚಿನ ಮುಂದ ಇದು ಯಾವ ಮೂಲೆಗೆ? ಅದಕ್ಕೇ ವಿಮೆಯ ಅರ್ಜಿ ಬಿಡಬ್ಯಾಡ್ರಿ ಅನ್ನೋದು.

ರೀಲ್ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಜತೆಗೆ ಲೊಕೇಶನ್ ಆನ್ ಮಾಡಿ ಹೊಲದ ನಾಲ್ಕು ಫೋಟೊ ತಗೀರಿ, ಕಲ್ಲು ಕರಗೋ ಮೊದಲು. ಕೊಯ್ದು ಹೊಲದಾಗೇ ಒಣಗಾಕ ಬಿಟ್ಟ ಬೆಳಿಗೂ 14 ದಿನದವರೆಗೆ ವಿಮೆ ಅನ್ವಯಿಸ್ತದ, ಅದಕ್ಕೂ ಅದೇ 72 ತಾಸು.