ಕಡಲಿಗೆ ಹೋದವರನ್ನು ಕಾಯುವ ಮನೆ

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರ, ಸಾಗರಗಳ ನೆಲವನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಪಡುಗಡಲನ್ನು ಸೇರುವಳು. ಈ ಮೂರು ತಾಲ್ಲೂಕುಗಳ ಒಂದು ಪಾಲು ನೀರು ಹೀಗೆ ಪಡುಗಡಲಿಗೆ ಹೋಗುತ್ತಿದ್ದರೂ ಅಲ್ಲಿಯ ಜನ ಬಹುಮಟ್ಟಿಗೆ ಕಡಲಿಗೆ ಬೆನ್ನು ಮಾಡಿಯೇ ಬದುಕಿದವರು. ಕೆಳದಿಯ ಅರಸರು ಘಟ್ಟದ ಕೆಳಗಣ ರೇವುಗಳನ್ನು ಆಳಿದರೆಂಬುದು ನಿಜ. ಮಲೆನಾಡಿನ ಮೆಣಸೂ ಅಕ್ಕಿಯೂ ಘಟ್ಟವಿಳಿದು ಹಡಗನ್ನೇರಿದುವೆಂಬುದೂ ನಿಜ. ಆದರೆ ಬೆಳೆದವನು ತೋಟ ಗದ್ದೆಗಳಲ್ಲಿಯೇ ಉಳಿದನು. ಸಾಗರದ ಕಡೆಯ ಮಕ್ಕಳು ಕಂಡಿದ್ದ ಅತಿ ದೊಡ್ಡ ಹಡಗೆಂದರೆ ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ದಾಟಿಸುತ್ತಿದ್ದ ಲಾಂಚು. 2025ರ ಜುಲೈ 14ರಂದು ಅಲ್ಲಿ ಎರಡೂವರೆ ಕಿಲೋಮೀಟರಿಗೆ ಸಮೀಪದ ಉದ್ದದ ಸೇತುವೆಯೂ ತೆರೆಯಿತು.

ಇಂತಹ ಊರುಗಳಿಂದ ಈಗ ಹುಡುಗರು ನೌಕಾದಳಕ್ಕೆ ಹೋಗುತ್ತಿದ್ದಾರೆ. ಹೋದವರ ಸಾಹಸವನ್ನು ಹೊಗಳುವವರು ಅನೇಕರಿರುವರು. ಅವರನ್ನು ಕಳುಹಿಸಿ ಹಿಂದೆ ಉಳಿದವರ ವಿಷಯವಾಗಿ ಈ ದಿನ ಎರಡು ಮಾತುಗಳನ್ನಾಡಬೇಕೆಂದು ನಮ್ಮ ಇಚ್ಛೆ. ಅದಕ್ಕೆ ಒಂದು ಕಾರಣವುಂಟು.

ಹಿಂದೊಮ್ಮೆ ನಮ್ಮ ಬಳಿ ಓದುತ್ತಿದ್ದ, ಹೊಸನಗರದ ಕಡೆಯ ಒಬ್ಬಳು ಹುಡುಗಿ ಒಂದು ದಿನ ತರಗತಿ ಮುಗಿದ ಮೇಲೆ ಬಂದು ನಿಂತಳು. ಅವಳಿಗೆ ಸಾಗರದ ಕಡೆಯ ಹುಡುಗನೊಬ್ಬನೊಡನೆ ಮದುವೆಯ ಮಾತಾಗಿತ್ತು, ಹಿರಿಯರು ಒಪ್ಪಿದ್ದರು. ಹುಡುಗನ ಅಜ್ಜನ ಕಾಲದಲ್ಲಿ ಗದ್ದೆಯೆಲ್ಲವೂ ಲಿಂಗನಮಕ್ಕಿಯ ಮುಳುಗಡೆಯಲ್ಲಿ ಹೋಗಿತ್ತು. ಉಳಿದ ಅಂಗೈಯಗಲದ ತೋಟ ಇಬ್ಬರು ಅಣ್ಣತಮ್ಮಂದಿರಿಗೆ ಸಾಲದೆಂದು ಕಿರಿಯವನು ನೌಕಾದಳವನ್ನು ಸೇರಿದ್ದನು.

"ಸಾರ್, ಅವರು ಹೋಗಿ ಮೂರು ವಾರವಾಯಿತು. ಮೊನ್ನೆ ಭಾನುವಾರ ಫೋನು ಬಂತು. ಐದು ನಿಮಿಷ ಮಾತನಾಡಿದರು, ಅದರಲ್ಲಿ ಮೂರು ನಿಮಿಷ ಅತ್ತರು. ಬಂದುಬಿಡುತ್ತೇನೆ ಎನ್ನುತ್ತಾರೆ. ನಾನು ಏನು ಹೇಳಲಿ?"

ನಾವು ಉಪಾಧ್ಯಾಯರು; ಕೇಳಿದ್ದಕ್ಕೆ ಉತ್ತರವಿಲ್ಲವೆಂದು ಹೇಳುವ ಅಭ್ಯಾಸ ನಮಗಿಲ್ಲ. ದೇಶಸೇವೆ, ಧೈರ್ಯ, ಪುರುಷಪ್ರಯತ್ನ ಮೊದಲಾದ ಮಾತುಗಳನ್ನು ಕೂಡಿಸಿ, ಅವಳು ಅವನಿಗೆ ಬರೆಯಬಹುದಾದ ಒಂದು ಕಾಗದದ ಒಕ್ಕಣೆಯನ್ನು ಅಲ್ಲಿಯೇ ಹೇಳಿಕೊಟ್ಟೆವು. ಅವಳು ವಿನಯದಿಂದ ಬರೆದುಕೊಂಡು ಹೋದಳು. ಅದನ್ನು ಅವಳು ಕಳುಹಿಸಲಿಲ್ಲವೆಂಬುದು ನಮಗೆ ಬಹಳ ದಿನಗಳ ಮೇಲೆ ತಿಳಿಯಿತು.

ಮೊದಲು ಆ ಹುಡುಗ ಹೋದ ಸ್ಥಳ ಎಂತಹುದೆಂದು ನೋಡೋಣ. ನೌಕಾದಳದ ನಾವಿಕರ ಮೊದಲ ಶಿಕ್ಷಣ ನಡೆಯುವುದು ಒಡಿಶಾದ ಚಿಲಿಕಾ ಸರೋವರದ ದಡದಲ್ಲಿ, ಐ.ಎನ್.ಎಸ್. ಚಿಲ್ಕಾ ಎಂಬ ನೆಲೆಯಲ್ಲಿ. 1980ರಲ್ಲಿ ಸ್ಥಾಪಿತವಾದ ಈ ನೆಲೆಗೆ ನಮ್ಮ ಕಡೆಯಿಂದ ಸುಮಾರು ಎರಡು ದಿನದ ರೈಲುಪ್ರಯಾಣ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇರಿದ ಮೊದಲ ತಂಡ ಅಲ್ಲಿ ಸುಮಾರು ನಾಲ್ಕು ತಿಂಗಳು ಕಲಿತು, 2023ರ ಮಾರ್ಚ್ 28ರ ಸಂಜೆ, ಸೂರ್ಯಾಸ್ತದ ತರುವಾಯ, ಕವಾಯತು ನಡೆಸಿ ಹೊರಬಂದಿತು. ಸುಮಾರು 2,600 ಮಂದಿಯ ಆ ತಂಡದಲ್ಲಿ 270ಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ಆದುದರಿಂದ ಕಾಯುವವಳು ಯಾವಾಗಲೂ ಹೆಣ್ಣೇ ಎಂದು ತಿಳಿಯಬೇಕಾಗಿಲ್ಲ. ಗಂಡೂ ಮನೆಯಲ್ಲಿ ಕುಳಿತು ಫೋನಿನ ಗಂಟೆಗೆ ಕಿವಿಗೊಡುವ ಕಾಲ ಬಂದಿದೆ.

ಅಲ್ಲಿ ಕವಾಯತು, ಈಜು, ಆಯುಧಗಳ ಅಭ್ಯಾಸ, ಹಡಗಿನ ಕೆಲಸದ ಪಾಠ, ಇವುಗಳ ನಡುವೆ ಹುಡುಗನಿಗೆ ತನ್ನದೆಂಬ ಹೊತ್ತು ಬಹಳ ಕಡಮೆ. ಆಡಬೇಕಾದದ್ದು ಹಿಂದಿ, ತಿಂದು ಬೆಳೆದದ್ದು ಕುಚ್ಚಲಕ್ಕಿ ಗಂಜಿ. ನಿನ್ನೆಯವರೆಗೆ ಮನೆಯ ಮುದ್ದಿನ ಮಗನಾಗಿದ್ದವನು ಇಂದು ಸಾಲಿನಲ್ಲಿ ಒಬ್ಬನು. ಅಂತಹವನು ಮೂರನೆಯ ವಾರದಲ್ಲಿ ಅತ್ತನೆಂದರೆ ಅದು ಹೇಡಿತನವಲ್ಲ. ಅಳುವುದಕ್ಕೆ ಅವನಿಗೆ ಇದ್ದ ಒಂದೇ ಸ್ಥಳ ಆ ಐದು ನಿಮಿಷ.

ನಮ್ಮ ಹುಡುಗಿ ಮಾಡಿದ್ದು ಇಷ್ಟು. "ಬನ್ನಿ" ಎಂದೂ ಹೇಳಲಿಲ್ಲ, "ಬರಬೇಡಿ" ಎಂದೂ ಹೇಳಲಿಲ್ಲ. "ಮುಂದಿನ ಭಾನುವಾರದವರೆಗೆ ನೋಡಿ, ಆಗಲೂ ಹೀಗೆಯೇ ಅನ್ನಿಸಿದರೆ ಇಬ್ಬರೂ ಕೂತು ಯೋಚಿಸೋಣ" ಎಂದಳು. ಆಮೇಲೆ ಒಂದು ಕಾಗದ ಬರೆದಳು. ಅದರಲ್ಲಿದ್ದುದು, ಮಳೆ ಬಿಡುತ್ತಿಲ್ಲವೆಂದು, ತೋಟಕ್ಕೆ ಕೊಳೆರೋಗ ಬಂದಿದೆಯೆಂದು, ಬೋರ್ಡೋ ಔಷಧ ಎರಡನೆಯ ಸಲ ಹೊಡೆಸಿದರೆಂದು, ಅವರ ಮನೆಯ ಹಸು ಹೆಣ್ಣುಕರು ಹಾಕಿತೆಂದು. ವಾರಕ್ಕೊಂದರಂತೆ ಇಂತಹ ಕಾಗದಗಳು ಹೋದುವು. ಒಂದರಲ್ಲಿಯೂ ದೇಶಸೇವೆಯ ಮಾತಿರಲಿಲ್ಲ. ಆ ಕಾಗದಗಳನ್ನು ಓದುವಾಗ ಮಾತ್ರ ತಾನು ಇನ್ನೂ ಆ ಮನೆಯವನೆಂದು ತೋರುತ್ತಿತ್ತೆಂದು ಹುಡುಗನು ಆಮೇಲೆ ಹೇಳಿದನಂತೆ.

ಇದರಿಂದ ನಾವು ಕಲಿತದ್ದನ್ನು ಹೇಳುತ್ತೇವೆ. ದೂರ ಹೋದವನಿಗೆ ಉಪದೇಶ ಬೇಕಾದಷ್ಟು ಸಿಕ್ಕುತ್ತದೆ. ಅದನ್ನು ಕೊಡುವುದಕ್ಕೆ ಸರ್ಕಾರ ಸಂಬಳ ಕೊಟ್ಟು ಜನರನ್ನಿಟ್ಟಿದೆ. ಸಿಕ್ಕದೆ ಇರುವುದು ಮನೆಯ ಸಣ್ಣ ಸುದ್ದಿ. ಹಾಗೆಂದು ದೊಡ್ಡ ಸುದ್ದಿಯನ್ನು ಬಚ್ಚಿಡಬಾರದು. ಅಜ್ಜಿ ತೀರಿಕೊಂಡದ್ದನ್ನು "ಅವನಿಗೇಕೆ ದುಃಖ" ಎಂದು ಮುಚ್ಚಿಟ್ಟರೆ, ಮುಂದೆ ಮನೆಯಿಂದ ಬಂದ ಒಂದು ಮಾತನ್ನೂ ಅವನು ನಂಬಲಾರನು. ಫೋನು ಬಾರದ ವಾರವನ್ನು ಮರೆವೆಂದು ಎಣಿಸಬಾರದು. ಅವನು ನಿದ್ರೆ ಊಟಗಳನ್ನು ಬಿಟ್ಟನೆಂದಾಗಲಿ, ಬದುಕೇ ಬೇಡವೆನ್ನುವನೆಂದಾಗಲಿ ತಿಳಿದರೆ ಮಾತ್ರ ಮರ್ಯಾದೆಯ ಯೋಚನೆ ಮಾಡದೆ ಅಲ್ಲಿಯ ಅಧಿಕಾರಿಗಳಿಗೂ ವೈದ್ಯರಿಗೂ ಆ ಕ್ಷಣವೇ ತಿಳಿಸಬೇಕು.

ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು. ಈ ಯೋಜನೆಯಂತೆ ಸೇರುವವರು ಅವಿವಾಹಿತರಾಗಿರಬೇಕು. ನಾಲ್ಕು ವರ್ಷದ ಸೇವೆ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಪ್ರಕಟವಾದ ಯೋಜನೆಯ ಪ್ರಕಾರ ನಾಲ್ಕು ವರ್ಷಗಳ ತರುವಾಯ ಖಾಯಂ ಆಗಿ ಉಳಿಯುವವರು ನೂರಕ್ಕೆ 25ರವರೆಗೆ ಮಾತ್ರ. ಉಳಿದವರು ಸೇವಾನಿಧಿಯೆಂಬ ಹನ್ನೊಂದು ಲಕ್ಷ ರೂಪಾಯಿಗೆ ಮೇಲ್ಪಟ್ಟ ಗಂಟಿನೊಡನೆ ಊರಿಗೆ ಮರಳುವರು. ಹೀಗಿರುವಾಗ ಮಾತು ಕೊಟ್ಟ ಹುಡುಗಿ ನಾಲ್ಕು ವರ್ಷ ಕಾಯುವುದು ಒಬ್ಬ ನಾವಿಕನಿಗಾಗಿಯೇ, ಅಥವಾ ಮತ್ತೆ ಕೆಲಸ ಹುಡುಕಬೇಕಾದ ಒಬ್ಬ ತರುಣನಿಗಾಗಿಯೇ? ಇದನ್ನು ಯಾರೂ ಮೊದಲೇ ಹೇಳಲಾರರು. ಆ ನಡುವೆ ನೆಂಟರು ಬೇರೆ ಜಾತಕಗಳನ್ನು ತರುವರು. ವಯಸ್ಸಿನ ಲೆಕ್ಕವನ್ನು ನೆರೆಹೊರೆಯವರೆಲ್ಲರೂ ಹುಡುಗಿಯ ಎದುರಿನಲ್ಲಿಯೇ ಮಾಡುವರು.

ಇಲ್ಲಿ ಹಿರಿಯರು ಮಾಡಬೇಕಾದದ್ದು ಒಂದುಂಟು. ಎರಡು ಮನೆಯವರೂ ಕುಳಿತು, ಹುಡುಗ ಹುಡುಗಿಯರ ಎದುರಿನಲ್ಲಿ, ಇದೆಲ್ಲವನ್ನೂ ಬಾಯಿಬಿಟ್ಟು ಮಾತನಾಡಬೇಕು. ಮಾತು ಕೊಟ್ಟೆವೆಂಬ ಒಂದೇ ಹಗ್ಗದಿಂದ ಹುಡುಗಿಯನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಕಾಯುವೆನೆಂದು ಅವಳೇ ಹೇಳಿದರೆ ಅವಳ ಮಾತನ್ನು ದಿನವೂ ಪರೀಕ್ಷೆಗೆ ಒಡ್ಡುವುದೂ ನ್ಯಾಯವಲ್ಲ.

ಕಾಯುವವಳಿಗೂ ಒಂದು ಮಾತು. ಕಾಯುವುದನ್ನೇ ಕೆಲಸವಾಗಿ ಮಾಡಿಕೊಂಡರೆ ಆ ಭಾರ ಕೊನೆಗೆ ಕಡಲಿನಲ್ಲಿರುವವನ ಮೇಲೆಯೇ ಬೀಳುತ್ತದೆ. "ನಿನಗಾಗಿ ನನ್ನ ಬದುಕು ನಿಂತಿದೆ" ಎಂಬ ಮಾತು ಕೇಳಲು ಪ್ರೀತಿಯದು. ಹೊರಲು ಬಹಳ ಭಾರವಾದದ್ದು. ನಮ್ಮ ಹುಡುಗಿ ಬಿ.ಎಡ್. ಓದಲು ಶಿವಮೊಗ್ಗೆಗೆ ಹೋದಳು. "ಅವರು ಕವಾಯತು ಮಾಡುವಷ್ಟು ದಿನ ನಾನೂ ಏನಾದರೂ ಮಾಡಬೇಕಲ್ಲ, ಸಾರ್" ಎಂದು ಅವಳು ಅಂದದ್ದು ನೆನಪಿದೆ.

ಹುಡುಗನು ಹಿಂದಿರುಗಿ ಬರಲಿಲ್ಲ. ಶಿಕ್ಷಣ ಮುಗಿಸಿ ಮೊದಲ ರಜಕ್ಕೆ ಊರಿಗೆ ಬಂದಾಗ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಅವನ ಬೆನ್ನು ನೆಟ್ಟಗಾಗಿತ್ತು. ಮಾತು ಸ್ವಲ್ಪ ಕಡಮೆಯಾಗಿತ್ತು. ನಾವು ಹೇಳಿಕೊಟ್ಟ ಒಕ್ಕಣೆಯ ಕಥೆ ಹೊರಬಿದ್ದುದು ಆ ದಿನವೇ. ಅವಳು ಸಂಕೋಚದಿಂದ ಹೇಳಿದಳು, "ಅದು ಚೆನ್ನಾಗಿತ್ತು ಸಾರ್. ಆದರೆ ಓದಿದರೆ ನೀವು ಬರೆದದ್ದೆಂದು ಗೊತ್ತಾಗಿಬಿಡುತ್ತಿತ್ತು." ನಾವು ಮೂವರೂ ನಕ್ಕೆವು. ಅವರ ನಾಲ್ಕು ವರ್ಷ ಇನ್ನೂ ಮುಗಿದಿಲ್ಲ. ಅವನು ಯಾವುದೋ ಹಡಗಿನಲ್ಲಿರುವನು, ಅವಳು ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿರುವಳು. ಭಾನುವಾರದ ಫೋನು ಕೆಲವು ವಾರ ಬರುತ್ತದೆ, ಕೆಲವು ವಾರ ಬರುವುದಿಲ್ಲ. ಕಾಗದವಂತೂ ತಪ್ಪದೆ ಹೋಗುತ್ತಿದೆಯೆಂದು ಕೇಳಿದ್ದೇವೆ.