ಬೆಂಗಳೂರಿನ ಸೇಬು: ಲಾಲ್‌ಬಾಗಿನಿಂದ ಬಿಟಿಎಂ ತಾರಸಿಗೆ

ಸೇಬಿನ ಬೀಜ ಬಿತ್ತಿದರೆ ತಾಯಿಮರದ ಹಣ್ಣು ಸಿಗುವುದಿಲ್ಲ. ಒಂದೊಂದು ಬೀಜವೂ ಬೇರೆಯದೇ ಗುಣದ ಗಿಡವಾಗಿ ಏಳುವುದರಿಂದ, ಮೆಚ್ಚಿದ ತಳಿಯನ್ನು ಉಳಿಸಿಕೊಳ್ಳಲು ಅದರ ಕಡ್ಡಿಯನ್ನು ಬೇರೊಂದು ಸಸಿಯ ಕಾಂಡಕ್ಕೆ ಕೂಡಿಸಿ ಬೆಳೆಸುವ ಕಸಿಯೇ ದಾರಿ. ಹೀಗಾಗಿ ಪಾರಂಪರಿಕ ತಳಿ ಎನ್ನಿಸಿಕೊಂಡ ಯಾವುದೇ ಸೇಬು, ನೂರು ಇನ್ನೂರು ವರ್ಷಗಳ ಹಿಂದಿನ ಒಂದೇ ಮರ ಕಡ್ಡಿಯ ರೂಪದಲ್ಲಿ ಕೈಯಿಂದ ಕೈಗೆ ದಾಟುತ್ತಾ ಬಂದದ್ದಾಗಿರುತ್ತದೆ. ಕಸಿ ಕಟ್ಟುವ ಕೈ ನಿಂತ ಊರಿನಲ್ಲಿ ತಳಿಯೂ ನಿಲ್ಲುತ್ತದೆ. ಬೆಂಗಳೂರಿನ ಸೇಬಿಗೆ ಆದದ್ದು ಬಹುಮಟ್ಟಿಗೆ ಇದೇ.

ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೈದರಾಲಿ ಆರಂಭಿಸಿ ಮಗ ವಿಸ್ತರಿಸಿದ್ದ ಬೆಂಗಳೂರಿನ ತೋಟಗಳನ್ನು ನೋಡಿ, ಇಲ್ಲಿ ಸೇಬು ಮತ್ತು ಪೀಚ್ ಎರಡೂ ಹಣ್ಣು ಬಿಡುತ್ತವೆಂದು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅವುಗಳಲ್ಲಿ ಒಂದಾದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದನ್ನು ನೋಡಿಕೊಳ್ಳಲು 1874ರಲ್ಲಿ ಬಂದ ಕ್ಯಾಮರಾನ್, 1908ರಲ್ಲಿ ಬಂದ ಕ್ರುಂಬಿಗಲ್, 1932ರಲ್ಲಿ ಹೊಣೆ ಹೊತ್ತ ಎಚ್.ಸಿ. ಜವರಾಯ ಇವರೆಲ್ಲರ ಕಾಲದಲ್ಲೂ ಲಾಲ್‌ಬಾಗ್ ಅಡ್ಡಾಡುವ ಉದ್ಯಾನವಾಗಿದ್ದಷ್ಟೇ, ಪರದೇಶದ ಗಿಡಗಳನ್ನು ಈ ಮಣ್ಣಿಗೆ ಒಗ್ಗಿಸಿ ನೋಡುವ ಪ್ರಯೋಗಶಾಲೆಯೂ ಆಗಿತ್ತು. ಇಂದು ಅಪ್ಪಟ ಬೆಂಗಳೂರಿನ ತರಕಾರಿಯೆಂದೇ ತೋರುವ ಸೀಮೆಬದನೆ ನೆಲೆಯೂರಿದ್ದು ಇಂಥ ಪ್ರಯೋಗಗಳಿಂದಲೇ.

ಸೇಬಿನ ಪೈಕಿ ಬೆಂಗಳೂರಿಗೆ ಚೆನ್ನಾಗಿ ಒಗ್ಗಿದ್ದು ರೋಮ್ ಬ್ಯೂಟಿ. ಹೆಸರಿನ ರೋಮ್ ಇಟಲಿಯದಲ್ಲ, ಅಮೆರಿಕದ ಒಹಾಯೊ ರಾಜ್ಯದ ಹಳ್ಳಿಗಾಡಿನದು. 19ನೇ ಶತಮಾನದ ಆರಂಭದಲ್ಲಿ, ಕಸಿಗಿಡವೊಂದರ ಬುಡದಿಂದ, ಕಸಿ ಸೇರಿದ ಗಂಟಿಗಿಂತ ಕೆಳಗೆ ಹೊರಟ ಚಿಗುರಿನಿಂದ ಅದು ಹುಟ್ಟಿತೆಂಬುದು ಪ್ರಚಲಿತ ವೃತ್ತಾಂತ. ತೋಟಗಾರರು ಸಾಮಾನ್ಯವಾಗಿ ಚಿವುಟಿ ಎಸೆಯುವಂಥ ಚಿಗುರಿನಿಂದ ಲೋಕಪ್ರಸಿದ್ಧ ತಳಿ ಬಂದದ್ದು ಗಮನಾರ್ಹ. ಹಾಗೇ ಕಚ್ಚಿ ತಿನ್ನಲು ಅದು ಸಾಧಾರಣವಾದ ಹಣ್ಣು, ಆದರೆ ಬೇಯಿಸಿದರೆ ಆಕಾರ ಕೆಡುವುದಿಲ್ಲ. ದಂಡುಪ್ರದೇಶದ ಬಂಗಲೆಗಳ ಅಡುಗೆಮನೆಗೆ ಇದಕ್ಕಿಂತ ಹೊಂದುವ ಸೇಬು ಸಿಗುವುದು ಕಷ್ಟವಿತ್ತು.

ಆದರೂ ಶಾಸ್ತ್ರದ ಪ್ರಕಾರ ಬೆಂಗಳೂರಿನಲ್ಲಿ ಸೇಬು ಆಗಬಾರದು. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರೆಗೆ ಜಾರುವ ಮೊಗ್ಗುಗಳು ಮತ್ತೆ ಎಚ್ಚರಗೊಳ್ಳಲು ಇಂತಿಷ್ಟು ಗಂಟೆಗಳ ತಂಪು ಬೇಕು; ಇದಕ್ಕೆ ಶೀತಾವಧಿ ಎಂದು ಹೆಸರು. ಹಳೆಯ ತಳಿಗಳಲ್ಲಿ ಹೆಚ್ಚಿನವಕ್ಕೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು 800ರಿಂದ 1,000 ಗಂಟೆಗಳಷ್ಟು ಬೇಕೆಂಬುದು ಪಠ್ಯಪುಸ್ತಕದ ಲೆಕ್ಕ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಅಂದರೆ ಆ ಲೆಕ್ಕದಂತೆ ಈ ಊರಿಗೆ ದಕ್ಕಿರುವ ಶೀತಾವಧಿ ಸೊನ್ನೆ.

ಈ ಒಗಟಿಗೆ ಉತ್ತರ ಇಂಡೊನೇಷ್ಯಾದಲ್ಲಿದೆ. ಜಾವಾ ದ್ವೀಪದ ಬಾತು ಎಂಬ ಪಟ್ಟಣ ಸಮಭಾಜಕ ವೃತ್ತಕ್ಕೆ ಬೆಂಗಳೂರಿಗಿಂತಲೂ ಹತ್ತಿರದಲ್ಲಿದ್ದು, ಎತ್ತರದಲ್ಲಿ ನಮ್ಮ ಊರಿನ 900 ಮೀಟರಿಗೆ ಹೆಚ್ಚುಕಡಿಮೆ ಸಮವಾಗಿದ್ದರೂ, ಡಚ್ಚರು ತಂದ ಸೇಬನ್ನು, ಅದರಲ್ಲೂ ಇದೇ ರೋಮ್ ಬ್ಯೂಟಿಯನ್ನು, ಅಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಕೊಯ್ಲಾದ ಮೇಲೆ ಮರದ ಎಲೆಗಳನ್ನೆಲ್ಲ ಕೈಯಿಂದ ಬಿಡಿಸಿ ಹಾಕುವುದೇ ಅಲ್ಲಿನ ಉಪಾಯ. ಮೊಗ್ಗು ಗಾಢನಿದ್ರೆಗೆ ಹೋಗುವ ಮೊದಲೇ ಎಲೆ ಕಳೆದರೆ, ತಂಪಿನ ಹಂಗಿಲ್ಲದೆ ಗಿಡ ಕೆಲವು ವಾರಗಳಲ್ಲಿ ಚಿಗುರಿ ಹೂ ಬಿಡುತ್ತದೆ.

ಆದ್ದರಿಂದ ಬೆಂಗಳೂರಿನ ಸೇಬು ಮರೆಯಾದದ್ದಕ್ಕೆ ಹವೆಯೊಂದನ್ನೇ ದೂರುವುದು ಸರಿಯಾಗದು. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಹಿಮಾಚಲದ ಕೋಟ್‌ಗಢಕ್ಕೆ ಅಮೆರಿಕದ ಸಿಹಿ ತಳಿಗಳನ್ನು ತಂದ ನಂತರ ಆ ಬೆಟ್ಟಗಳ ಹಣ್ಣು ಕ್ರಮೇಣ ದೇಶದ ಮಾರುಕಟ್ಟೆಯನ್ನು ಆವರಿಸಿತು. ಇತ್ತ ಬಂಗಲೆಗಳ ಕಾಂಪೌಂಡುಗಳು ಸೈಟುಗಳಾಗಿ ಒಡೆದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿಟಿಎಂ ಲೇಔಟ್‌ನ ಮೂವತ್ತು ನಲವತ್ತರ ಸೈಟಿನಲ್ಲಿ ಈಗ ತೋಟವೆಂದರೆ ತಾರಸಿಯೇ.

ಆ ತಾರಸಿಗೂ ಸೇಬು ಒಲ್ಲೆನ್ನುವುದಿಲ್ಲ. ನರ್ಸರಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲದ ರೈತ ಹರಿಮನ್ ಶರ್ಮಾ ಬಿಸಿಲುನಾಡಿಗೆಂದು ಬೆಳೆಸಿದ ಎಚ್‌ಆರ್‌ಎಂಎನ್-99. ಇವು ಒಳ್ಳೆಯ ತಳಿಗಳೇ, ಆದರೆ ಪಾರಂಪರಿಕ ಎನ್ನಲು ಇನ್ನೂ ಎಳೆಯವು. ರೋಮ್ ಬ್ಯೂಟಿಯ ಕಡ್ಡಿ ದೊರೆತವರಿಗೆ ಇನ್ನೊಂದು ಅನುಕೂಲವಿದೆ: ಅದು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಚ್ಚುವುದರಿಂದ ಒಂಟಿ ಗಿಡವಿದ್ದರೂ ನಡೆಯುತ್ತದೆ. ಗಿಡವನ್ನು ಕುಳ್ಳಾಗಿ ಇಡಬಲ್ಲ ಬೇರುಸಸಿಯ ಮೇಲೆ ಕಸಿ ಕಟ್ಟಿ, ತಳದಲ್ಲಿ ತೂತು ಕೊರೆದ ಅರ್ಧ ಡ್ರಮ್ಮಿನಲ್ಲಿ ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟರಾಯಿತು. ಮಳೆ ಹಿಂದೆಗೆದ ಮೇಲೆ, ಡಿಸೆಂಬರಿನ ಹೊತ್ತಿಗೆ ನೀರು ಇಳಿಸಿ, ಎಲೆಯ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ರೆಂಬೆಯ ತುದಿಯ ಕಡೆಗೆ ಎಳೆಯಬೇಕು. ಕೆಳಕ್ಕೆ ಜಗ್ಗಿದರೆ ತೊಟ್ಟಿನೊಂದಿಗೆ ಸಿಪ್ಪೆ ಸುಲಿದು, ಕಂಕುಳಲ್ಲಿ ಕೂತ ಮೊಗ್ಗಿಗೂ ಪೆಟ್ಟಾಗುತ್ತದೆ. ಕಾಯಿ ನಿಂಬೆಗಾತ್ರಕ್ಕೆ ಬಂದಾಗ ಹಳೆಯ ಸೊಳ್ಳೆಪರದೆಯ ತುಂಡಿನಿಂದ ಚೀಲ ಹೊಲಿದು ಒಂದೊಂದಕ್ಕೂ ಕಟ್ಟುವುದು ಲೇಸು. ಬೇಸಿಗೆಯ ಬಿಟಿಎಂನಲ್ಲಿ ಹಣ್ಣಿನ ಬಣ್ಣ ಮನೆಯವರಿಗಿಂತ ಮೊದಲು ಅಳಿಲಿಗೆ ಕಾಣುತ್ತದೆ.